ನೀರು ಬಿಟ್ಟ ಹುಡುಗ: ದೇಹದಾರ್ಢ್ಯದ ಪಾಡ್‌ಕಾಸ್ಟ್ ಒಂದರ 38 ಸೆಕೆಂಡುಗಳು

ಆ 38 ಸೆಕೆಂಡಿನ ತುಣುಕನ್ನು ಕತ್ತರಿಸಿ ಹಂಚಿದವನು ನಾನೇ. ನಮ್ಮ ಮಾತನ್ನು ಬೇರೆ ಯಾರೋ ತಿರುಚಿದರು ಎಂದು ಹೇಳಿಕೊಳ್ಳಲು ನನಗೆ ದಾರಿಯಿಲ್ಲ. ಮೈಸೂರಿನ ಸರಸ್ವತಿಪುರಂನ ಒಂದು ಮಹಡಿ ಕೋಣೆಯಿಂದ ದೇಹದಾರ್ಢ್ಯ ಸ್ಪರ್ಧೆಗಳ ಬಗ್ಗೆ ಕನ್ನಡದಲ್ಲಿ ಪಾಡ್‌ಕಾಸ್ಟ್ ನಡೆಸುವ ಇಬ್ಬರಲ್ಲಿ ನಾನೊಬ್ಬ. ಧ್ವನಿಮುದ್ರಣ, ಸಂಕಲನ, ಹಂಚಿಕೆ ನನ್ನ ಕೆಲಸ. ನನ್ನ ಗೆಳೆಯ ಹತ್ತು ವರ್ಷ ವೇದಿಕೆ ಹತ್ತಿದವನು, ಈಗ ಜಿಮ್ ಒಂದರಲ್ಲಿ ತರಬೇತಿ ಕೊಡುತ್ತಾನೆ. ಅತಿಥಿಗಳನ್ನು ಮಾತನಾಡಿಸುವುದು ಹೆಚ್ಚಾಗಿ ಅವನೇ. ನಮ್ಮ ಸಂಚಿಕೆಯೊಂದರ ಮಾತು ನಂಬಿ ಮಂಡ್ಯ ಜಿಲ್ಲೆಯ 22 ವರ್ಷದ ಹುಡುಗನೊಬ್ಬ ಸ್ಪರ್ಧೆಗೆ ಮುಂಚೆ ನೀರು ಕುಡಿಯುವುದನ್ನೇ ಬಿಟ್ಟ. ವೇದಿಕೆಯ ಹಿಂದೆ ಕುಸಿದುಬಿದ್ದ. ಈಗ ಆರೋಗ್ಯವಾಗಿದ್ದಾನೆ. ಅವನ ಮತ್ತು ಮನೆಯವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಅವನ ಹೆಸರು, ಊರು, ಸ್ಪರ್ಧೆಯ ಹೆಸರು ಇಲ್ಲಿ ಬರುವುದಿಲ್ಲ.

ಯಾರಿಗಾಗಿ ಮಾತನಾಡುತ್ತೇವೆ

ಈ ಕ್ರೀಡೆಯ ಬಗ್ಗೆ ಇಂಗ್ಲಿಷಿನಲ್ಲಿ ಕೇಳುವುದಕ್ಕೆ ಬೇಕಾದಷ್ಟಿದೆ. 1965ರಲ್ಲಿ ಜೋ ವೀಡರ್ ಶುರುಮಾಡಿದ ಮಿಸ್ಟರ್ ಒಲಿಂಪಿಯಾ, ಅದನ್ನು ಎಂಟೆಂಟು ಸಲ ಗೆದ್ದ ಲೀ ಹೇನಿ ಮತ್ತು ರಾನಿ ಕೋಲ್ಮನ್, ಇವರ ಕಥೆ ನಮ್ಮ ಹುಡುಗರಿಗೆ ಬಾಯಿಪಾಠ. ಆದರೆ ಪಾಂಡವಪುರದಿಂದಲೋ ಮದ್ದೂರಿನಿಂದಲೋ ಬರುವ ಪ್ರಶ್ನೆಗೆ ಅಲ್ಲಿ ಉತ್ತರವಿಲ್ಲ. ಮನೆಯಲ್ಲಿ ಎಲ್ಲರಿಗೂ ಒಂದೇ ಅಡುಗೆ, ಮುದ್ದೆ ಮತ್ತು ಸಾರು. ಅದರಲ್ಲೇ ಕಟಿಂಗ್, ಅಂದರೆ ಸ್ಪರ್ಧೆಗೆ ಮುಂಚೆ ಕೊಬ್ಬು ಇಳಿಸುವುದು, ಮಾಡುವುದು ಹೇಗೆ? ಗದ್ದೆ ಕೆಲಸ ಇರುವ ದಿನ ಜಿಮ್‌ಗೆ ಹೋಗಬೇಕೇ ಬೇಡವೇ? ಊರಬ್ಬದ ದಿನ ಬಾಡೂಟಕ್ಕೆ ಕೂರದಿದ್ದರೆ ದೊಡ್ಡಪ್ಪ ಮುನಿಸಿಕೊಳ್ಳುತ್ತಾರೆ, ಏನು ಹೇಳಲಿ?

ಹಿರಿಯರಿಗೆ ಈ ಕ್ರೀಡೆಯನ್ನು ಅರ್ಥ ಮಾಡಿಸುವುದೇ ಒಂದು ಕೆಲಸ. ಮೈಸೂರು ಗರಡಿಗಳ ಊರು. ವಿಜಯದಶಮಿಯಂದು ಅರಮನೆಯಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗ ನಡೆಯುತ್ತದೆ, ದಸರಾ ಕುಸ್ತಿಗೆ ಜನ ಕಿಕ್ಕಿರಿಯುತ್ತಾರೆ. ಮಟ್ಟಿಯ ಮೇಲೆ ಸಾಮು ಮಾಡಿ ಬೆಳೆದವರಿಗೆ ಮೈಗೆ ಬಣ್ಣ ಬಳಿದುಕೊಂಡು ದೀಪದ ಕೆಳಗೆ ನಿಲ್ಲುವುದು ವಿಚಿತ್ರವಾಗಿ ಕಾಣುತ್ತದೆ. ‘ಇಷ್ಟು ಮೈ ಬೆಳೆಸಿ ಯಾರನ್ನು ಕೆಡವುತ್ತೀಯಪ್ಪಾ?’ ಎಂದು ನನ್ನ ಗೆಳೆಯನನ್ನು ಅವನ ತಾತನೇ ಕೇಳಿದ್ದರಂತೆ. ಅದಕ್ಕಾಗಿಯೇ ನಮ್ಮ ಮೊದಲ ಸಂಚಿಕೆಗಳಲ್ಲಿ ಕಾದಂಬರಿಕಾರ ಕೆ.ವಿ. ಅಯ್ಯರ್ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದ್ದನ್ನೂ, 4 ಅಡಿ 11 ಅಂಗುಲದ ಮನೋಹರ ಆಯಿಚ್ 1952ರಲ್ಲಿ ಮಿಸ್ಟರ್ ಯೂನಿವರ್ಸ್ ಸ್ಪರ್ಧೆಯಲ್ಲಿ ಗೆದ್ದದ್ದನ್ನೂ, ಪ್ರೇಮ್‌ಚಂದ್ ಡೇಗ್ರಾ ಅವರಿಗೆ 1990ರಲ್ಲಿ ಪದ್ಮಶ್ರೀ ಬಂದದ್ದನ್ನೂ ಹೇಳಿದೆವು. ಕಥೆಯ ಮೂಲಕ ಹೇಳಿದರೆ ಜನ ಕೇಳುತ್ತಾರೆ ಎಂಬ ನಂಬಿಕೆ ನಮಗೆ ಅಲ್ಲಿಂದಲೇ ಬಂತು. ಈ ಪ್ರಕರಣದ ಬೇರು ಕೂಡ ಆ ನಂಬಿಕೆಯಲ್ಲೇ ಇದೆ.

ಕೇಳುಗರು ಕೆಲವೇ ನೂರು ಮಂದಿ. ಆದರೆ ಅವರಲ್ಲಿ ಬಹುಪಾಲು ಜನ ಇಂದೋ ನಾಳೆಯೋ ವೇದಿಕೆ ಹತ್ತುವವರು. ಕಾಲ ಕಳೆಯಲು ಕೇಳುವವರಲ್ಲ, ಕೇಳಿದ್ದನ್ನು ಮಾರನೆಯ ದಿನವೇ ತಮ್ಮ ಮೈಯ ಮೇಲೆ ಮಾಡಿ ನೋಡುವವರು. ಇದರ ತೂಕ ಎಷ್ಟೆಂದು ನನಗೆ ತಿಳಿಯುವ ಹೊತ್ತಿಗೆ ಒಬ್ಬ ಹುಡುಗ ಆಸ್ಪತ್ರೆಯಲ್ಲಿದ್ದ.

ಆ ಸಂಚಿಕೆ

ಅತಿಥಿ ನಲವತ್ತು ದಾಟಿದ ಹಳೆಯ ಸ್ಪರ್ಧಿ. ಮಾರ್ಚ್ ತಿಂಗಳ ಮಧ್ಯಾಹ್ನ. ಫ್ಯಾನಿನ ಗಾಳಿ ಮೈಕ್‌ಗೆ ಬಡಿಯುತ್ತದೆಂದು ಆರಿಸಿದ್ದೆವು, ಗೋಡೆಗೆ ಹಾಸಿಗೆ ಒರಗಿಸಿದ್ದೆವು. ಪಕ್ಕದ ಮನೆಯ ಕುಕ್ಕರ್ ಮೂರು ಸಲ ಕೂಗಿತು, ಮೂರು ಸಲವೂ ಅವರು ಮಾತು ನಿಲ್ಲಿಸಿ ನಗುತ್ತ ಕಾದರು. ಬಹಳ ಚೆನ್ನಾಗಿ ಕಥೆ ಹೇಳುವ ಮನುಷ್ಯ. ಸಂಚಿಕೆಯ ವಿಷಯ ಸ್ಪರ್ಧೆಯ ಕೊನೆಯ ವಾರ.

ಹತ್ತೊಂಬತ್ತನೆಯ ನಿಮಿಷದಲ್ಲಿ ಅವರು ಹೇಳಿದ್ದು ಇಷ್ಟು: ‘ಆ ವರ್ಷ ಕೊನೆಯ ಎರಡು ದಿನ ಒಂದು ತೊಟ್ಟು ನೀರು ಮುಟ್ಟಲಿಲ್ಲ. ಬೆಳಿಗ್ಗೆ ಎದ್ದು ಕನ್ನಡಿ ಮುಂದೆ ನಿಂತರೆ ಹೊಟ್ಟೆಯ ಮೇಲಿನ ಚರ್ಮ ಈರುಳ್ಳಿ ಸಿಪ್ಪೆಯ ಹಾಗಿತ್ತು. ಅದು ನನ್ನ ಮೈ ಎಂದು ನನಗೇ ನಂಬಿಕೆಯಾಗಲಿಲ್ಲ.’

ಆಮೇಲೆ ಮಾತು ರೈಲು ಪ್ರಯಾಣಕ್ಕೆ, ಲಾಡ್ಜ್‌ನ ಹಾಸಿಗೆಗೆಲ್ಲ ಅಂಟಿದ ಟ್ಯಾನ್‌ಗೆ (ವೇದಿಕೆಗಾಗಿ ಮೈಗೆ ಬಳಿಯುವ ಕಂದು ಬಣ್ಣ) ಹೊರಳಿತು. ಇಪ್ಪತ್ತನಾಲ್ಕನೆಯ ನಿಮಿಷದಲ್ಲಿ ಅವರೇ ಹಿಂದಿರುಗಿದರು: ‘ಸಂಜೆ ವೇದಿಕೆಗೆ ಹೋಗುವಷ್ಟರಲ್ಲಿ ಮೈ ಬತ್ತಿಹೋಗಿತ್ತು. ಎಷ್ಟು ಡಂಬೆಲ್ ಎತ್ತಿದರೂ ಪಂಪ್ ಬರಲಿಲ್ಲ. ನಾಲ್ಕನೆಯವನಾದೆ. ರಾತ್ರಿಯೆಲ್ಲ ಮೀನಖಂಡ ಹಿಡಿದುಕೊಂಡು ನರಳಿದೆ. ಮತ್ತೆಂದೂ ಆ ತಪ್ಪು ಮಾಡಲಿಲ್ಲ.’

ಪಂಪ್ ಎಂದರೆ ವೇದಿಕೆಗೆ ಮುಂಚೆ ಭಾರ ಎತ್ತಿ ಸ್ನಾಯುವಿಗೆ ರಕ್ತ ತುಂಬಿಸಿ ಉಬ್ಬಿಸುವುದು. ಅವರು ಹೇಳಿದ್ದು ತಪ್ಪೊಪ್ಪಿಗೆ. ಪೂರ್ತಿ ಕೇಳಿದವರಿಗೆ ಅದರಲ್ಲಿ ಯಾವ ಗೊಂದಲವೂ ಇಲ್ಲ. ಆದರೆ ಸಂಚಿಕೆಯ ಪ್ರಚಾರಕ್ಕೆ ಒಂದು ತುಣುಕು ಬೇಕಿತ್ತು. ನಾನು ಹತ್ತೊಂಬತ್ತನೆಯ ನಿಮಿಷದ ಮಾತನ್ನು ತೆಗೆದುಕೊಂಡೆ, ಹಿಂದೆ ಮುಂದೆ ಉಸಿರಿನ ಸದ್ದು ಕತ್ತರಿಸಿದೆ, ಅವರ ಹಳೆಯ ವೇದಿಕೆಯ ಚಿತ್ರ ಹಚ್ಚಿದೆ. ‘ಈರುಳ್ಳಿ ಸಿಪ್ಪೆಯ ಹಾಗಿತ್ತು’ ಎಂಬ ಮಾತೇ ನನ್ನನ್ನು ಸೆಳೆದದ್ದು. ಸಂಚಿಕೆಯಲ್ಲಿ ಅದಕ್ಕಿಂತ ಚೆಂದದ ವಾಕ್ಯ ಇರಲಿಲ್ಲ. ಗುರುವಾರ ಸಂಜೆ ವಾಟ್ಸ್ಆ್ಯಪ್ ಗುಂಪುಗಳಿಗೆ ಕಳುಹಿಸಿದೆ. ಶನಿವಾರದ ಹೊತ್ತಿಗೆ ಅದು ಹಲವು ಕೈ ದಾಟಿ, ಎರಡು ಬಾಣದ ಗುರುತು ಹೊತ್ತು ನನ್ನ ಮೊಬೈಲಿಗೇ ವಾಪಸು ಬಂತು. ಆಗ ನನಗೆ ಸಂತೋಷವಾಗಿತ್ತು.

ಕೆಲವು ವಾರಗಳ ನಂತರ, ಮಂಡ್ಯ

ಭಾನುವಾರ ರಾತ್ರಿ ಒಂಬತ್ತರ ಸುಮಾರಿಗೆ ಗೊತ್ತಿಲ್ಲದ ಸಂಖ್ಯೆಯಿಂದ ಕರೆ ಬಂತು. ಹುಡುಗನ ಅಕ್ಕ. ಆಸ್ಪತ್ರೆಯ ಕಾರಿಡಾರಿನಿಂದ ಮಾತನಾಡುತ್ತಿದ್ದರು. ‘ಅಣ್ಣ, ನಿಮ್ಮ ಕಾರ್ಯಕ್ರಮದಲ್ಲಿ ಹೇಳಿದ್ದನ್ನೇ ಇವನು ಮಾಡಿದ್ದಾನೆ. ನೀರಿನ ಜೊತೆಗೆ ಮಾತ್ರೆ ಏನಾದರೂ ಹೇಳಿದ್ದಿರಾ? ಡಾಕ್ಟರ್ ಕೇಳುತ್ತಿದ್ದಾರೆ, ಇವನು ಬಾಯಿ ಬಿಡುತ್ತಿಲ್ಲ.’

ಇಲ್ಲ ತಾಯಿ, ಮಾತ್ರೆಯ ಮಾತು ನಮ್ಮ ಯಾವ ಸಂಚಿಕೆಯಲ್ಲೂ ಹಾಗೆ ಬಂದಿಲ್ಲ ಎಂದೆ. ವೈದ್ಯರು ಏಕೆ ಕೇಳುತ್ತಿದ್ದಾರೆಂದು ನನಗೆ ಗೊತ್ತಿತ್ತು. ಮೂತ್ರ ಹೆಚ್ಚಿಸುವ ಮಾತ್ರೆ ನುಂಗಿ ನೀರನ್ನೂ ಬಿಟ್ಟರೆ ಪೊಟ್ಯಾಶಿಯಂ ಏರುಪೇರಾಗಿ ಹೃದಯದ ಬಡಿತವೇ ತಪ್ಪಬಹುದು. 1992ರಲ್ಲಿ ದೇಹದಾರ್ಢ್ಯ ಪಟು ಮೊಹಮ್ಮದ್ ಬೆನಜೀಜಾ ನೆದರ್ಲೆಂಡ್ಸ್‌ನಲ್ಲಿ ಸ್ಪರ್ಧೆ ಮುಗಿಸಿದ ಕೆಲವೇ ಗಂಟೆಗಳಲ್ಲಿ ತೀರಿಕೊಂಡರು. 1996ರಲ್ಲಿ ಇನ್ನೊಬ್ಬ ಪಟು ಆಂಡ್ರಿಯಾಸ್ ಮುಂಜರ್ ತೀರಿಕೊಂಡಾಗ ಅವರಿಗೆ 31 ವರ್ಷ. ಎರಡೂ ಸಾವುಗಳಲ್ಲಿ ಈ ಬಗೆಯ ಮಾತ್ರೆಗಳ ಹೆಸರು ಕೇಳಿಬಂದಿತ್ತು. ಇದೆಲ್ಲವನ್ನೂ ನಾವು ಹಿಂದೆಯೇ ಒಂದು ಇಡೀ ಸಂಚಿಕೆಯಲ್ಲಿ ಹೇಳಿದ್ದೆವು. ಹುಡುಗ ಅದನ್ನು ಕೇಳಿರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಇಬ್ಬರೂ ಮಂಡ್ಯಕ್ಕೆ ಹೋದೆವು. ಅವನು ಮಾತ್ರೆ ಮುಟ್ಟಿರಲಿಲ್ಲ, ಇಸಿಜಿ ಸರಿಯಿತ್ತು, ಡ್ರಿಪ್ ಹಾಕಿದ್ದರು. ಹಿಂದಿನ ರಾತ್ರಿ ಎದೆಗೆ ಇಸಿಜಿಯ ಅಂಟುಗಳನ್ನು ಹಚ್ಚಿದರೆ ಹಿಡಿಯುತ್ತಲೇ ಇರಲಿಲ್ಲವಂತೆ. ಮೈತುಂಬ ಟ್ಯಾನ್, ಅದರ ಮೇಲೆ ಎಣ್ಣೆ. ದಾದಿಯರು ಹತ್ತಿಗೆ ಸ್ಪಿರಿಟ್ ಹಾಕಿ ಒರೆಸಿದಷ್ಟೂ ಹತ್ತಿ ಕಂದು ಬಣ್ಣಕ್ಕೆ ತಿರುಗುತ್ತಿತ್ತಂತೆ. ನಾವು ಹೋದಾಗ ಅವನ ಎದೆಯ ಮೇಲೆ ಆರು ಕಡೆ ರೂಪಾಯಿ ಅಗಲದ ಬಿಳಿಚು ಗುರುತುಗಳಿದ್ದವು, ಉಳಿದ ಮೈಯೆಲ್ಲ ಕಪ್ಪು ಕಂಚಿನಂತೆ ಹೊಳೆಯುತ್ತಿತ್ತು. ದಿಂಬಿಗೂ ಬಣ್ಣ ಅಂಟಿತ್ತು. ಅವನ ತಾಯಿ ಬದಿಯಲ್ಲಿ ಕುಳಿತು ಸೆರಗಿನ ತುದಿ ಒದ್ದೆ ಮಾಡಿ ಕಿವಿಯ ಹಿಂದಿನ ಬಣ್ಣವನ್ನು ತಿಕ್ಕಿ ತೆಗೆಯುತ್ತಿದ್ದರು. ನಮ್ಮನ್ನು ನೋಡಿ ಬೈಯಲಿಲ್ಲ. ‘ಬಾಯಾರಿಕೆ ಆದರೆ ನೀರು ಕುಡಿಯಬೇಕು ಎಂದು ಹೇಳಿಕೊಡಬೇಕಾ ಸ್ವಾಮಿ?’ ಎಂದಷ್ಟೇ ಕೇಳಿದರು.

ಹೇಳಿಕೊಡಬೇಕಿತ್ತು. ಹೇಳಿಕೊಡಲಿಲ್ಲ.

ನೀರಿನ ಲೆಕ್ಕ, ತೂಕದ ಲೆಕ್ಕ

ಚರ್ಮದ ಕೆಳಗಿನ ನೀರನ್ನು ಮಾತ್ರ ತೆಗೆದು ಸ್ನಾಯುವಿನ ನೀರನ್ನು ಉಳಿಸಿಕೊಳ್ಳಬಹುದು ಎಂಬುದು ನಮ್ಮ ಜಿಮ್‌ಗಳಲ್ಲಿ ಬಹಳ ಜನ ನಂಬಿರುವ ಮಾತು. ‘ಡ್ರೈ ಆಗುವುದು’ ಎಂದರೆ ಅದೇ ಎಂದು ತಿಳಿದಿದ್ದಾರೆ. ಮೈ ಹಾಗೆ ಕೆಲಸ ಮಾಡುವುದಿಲ್ಲ. ಸ್ನಾಯುವಿನ ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ನೀರೇ. ಅನ್ನ, ಮುದ್ದೆಯಿಂದ ಬಂದ ಸಕ್ಕರೆಯನ್ನು ಸ್ನಾಯು ಗ್ಲೈಕೋಜನ್ ಆಗಿ ಕೂಡಿಡುವಾಗ ಪ್ರತಿ ಗ್ರಾಂ ಜೊತೆ ಸುಮಾರು 3 ಗ್ರಾಂ ನೀರನ್ನೂ ಹಿಡಿದಿಡುತ್ತದೆ. ನೀರು ನಿಲ್ಲಿಸಿದರೆ ಮೊದಲು ಬಡವಾಗುವುದು ರಕ್ತ. ರಕ್ತದ ಪ್ರಮಾಣ ಇಳಿದಾಗ ಪಂಪ್ ಬರುವುದಿಲ್ಲ, ಸ್ನಾಯು ಚಪ್ಪಟೆಯಾಗುತ್ತದೆ. ಮೆದುಳು ಹಾರ್ಮೋನ್ ಬಿಟ್ಟು ಮೂತ್ರಪಿಂಡಕ್ಕೆ ಇದ್ದ ನೀರನ್ನು ಬಿಗಿಹಿಡಿಯಲು ಹೇಳುತ್ತದೆ. ನಮ್ಮ ಅತಿಥಿ ನಾಲ್ಕನೆಯವರಾದದ್ದು ಇದೇ ಕಾರಣಕ್ಕೆ. ಬೆಳಿಗ್ಗೆ ಕನ್ನಡಿಯಲ್ಲಿ ಕಂಡ ಈರುಳ್ಳಿ ಸಿಪ್ಪೆ ಸಂಜೆ ತೀರ್ಪುಗಾರರ ಮುಂದೆ ಬತ್ತಿದ ಮೈಯಾಗಿತ್ತು.

ಇಷ್ಟು ಹೇಳಿ ತುಣುಕಿನ ಮೇಲೆ ಪೂರ್ತಿ ಹೊಣೆ ಹೊರಿಸಿಬಿಡಬಹುದಿತ್ತು. ಆದರೆ ಹುಡುಗನ ಜೊತೆ ಕುಳಿತು ಅವನ ನೋಟ್‌ಪುಸ್ತಕ ತಿರುವಿದಾಗ ಮತ್ತೊಂದು ಸಂಗತಿ ಹೊರಬಂತು. ಅದು ಯಾರೂ ಗಮನಿಸದ ಸಂಗತಿಯಾದ್ದರಿಂದ ಇಲ್ಲಿ ವಿವರವಾಗಿ ಬರೆಯುತ್ತೇನೆ.

ಅವನು ಹೆಸರು ಕೊಟ್ಟಿದ್ದು 65 ಕೆ.ಜಿ.ವರೆಗಿನ ವಿಭಾಗಕ್ಕೆ. ತಯಾರಿ ಶುರುಮಾಡಿದಾಗ ತೂಕ 72. ಸ್ಪರ್ಧೆಗೆ ಉಳಿದಿದ್ದು ಎಂಟು ವಾರ. ಸ್ನಾಯು ಕಳೆದುಕೊಳ್ಳದೆ ಇಳಿಯಬೇಕಾದರೆ ವಾರಕ್ಕೆ ಮೈತೂಕದ ಶೇ 0.5ರಿಂದ 1ರಷ್ಟು ಇಳಿಸುವುದು ಒಳ್ಳೆಯದೆಂದು ಈ ವಿಷಯದಲ್ಲಿ ಅಧ್ಯಯನ ಮಾಡಿದವರು ಹೇಳುತ್ತಾರೆ. ಅವನ ತೂಕಕ್ಕೆ ಅದು ಹೆಚ್ಚೆಂದರೆ 700 ಗ್ರಾಂ. ಎಂಟು ವಾರಕ್ಕೆ 5.6 ಕೆ.ಜಿ. ಪುಸ್ತಕದಲ್ಲಿ ಸ್ಪರ್ಧೆಯ ಹಿಂದಿನ ಶುಕ್ರವಾರ ನೀಲಿ ಪೆನ್ನಿನಲ್ಲಿ ಬರೆದಿದ್ದ ತೂಕ 66.4. ಅಂದರೆ ಹುಡುಗ ಏನನ್ನೂ ತಪ್ಪು ಮಾಡಿರಲಿಲ್ಲ. ಎಂಟು ವಾರದಲ್ಲಿ ಎಷ್ಟು ಇಳಿಯಬಹುದೋ ಅಷ್ಟನ್ನು ಶಿಸ್ತಿನಿಂದ ಇಳಿದಿದ್ದ. ಉಳಿದ 1.4 ಕೆ.ಜಿ.ಗೆ ಅವನ ಬಳಿ ಸಮಯ ಇರಲಿಲ್ಲ. ಆ ಅಂಕಿಯ ಕೆಳಗೆ ಎರಡು ಗೆರೆ ಎಳೆದು ಪಕ್ಕದಲ್ಲಿ ‘ನೀರು’ ಎಂದು ಬರೆದಿದ್ದ.

ನಮ್ಮ ತುಣುಕು ಅವನ ಮೊಬೈಲಿನಲ್ಲಿ ಆ ಹೊತ್ತಿಗೆ ಕಾಯುತ್ತಿತ್ತು. ಅತಿಥಿ ನೀರು ಬಿಟ್ಟಿದ್ದು ನೋಟಕ್ಕಾಗಿ. ಹುಡುಗ ಬಿಟ್ಟಿದ್ದು ತಕ್ಕಡಿಗಾಗಿ, ನೋಟವೂ ಸಿಕ್ಕಿದರೆ ಸಿಗಲಿ ಎಂದು. ಶುಕ್ರವಾರ ರಾತ್ರಿಯಿಂದ ನೀರು ನಿಲ್ಲಿಸಿದ, ಶನಿವಾರ ಎರಡು ಸ್ವೆಟರ್ ಹಾಕಿಕೊಂಡು ಓಡಿದ, ಭಾನುವಾರ ಬೆಳಿಗ್ಗೆ ತಕ್ಕಡಿ 64.8 ತೋರಿಸಿತು. ಆಮೇಲಾದರೂ ಕುಡಿಯಬಹುದಿತ್ತು. ತುಣುಕಿನಲ್ಲಿ ‘ಎರಡು ದಿನ’ ಎಂದಿತ್ತಲ್ಲ, ವೇದಿಕೆ ಇಳಿಯುವವರೆಗೂ ಮುಟ್ಟಬಾರದೆಂದು ತಿಳಿದ. ಕಾರ್ಯಕ್ರಮ ತಡವಾಯಿತು. ಸಂಜೆ ಏಳರ ಹೊತ್ತಿಗೆ ವೇದಿಕೆಯ ಹಿಂದೆ ಪಂಪ್ ಮಾಡುತ್ತಿದ್ದಾಗ ಎರಡೂ ಮೀನಖಂಡ ಹಿಡಿದುಕೊಂಡವು, ಆಮೇಲೆ ಕಣ್ಣು ಕತ್ತಲೆ ಬಂತು.

66.4ರಲ್ಲೇ 70 ಕೆ.ಜಿ. ವಿಭಾಗಕ್ಕೆ ನಿಲ್ಲು ಎಂದು ಯಾರೂ ಅವನಿಗೆ ಹೇಳಲಿಲ್ಲ. ಅಲ್ಲಿ ದೊಡ್ಡ ಮೈಯವರ ನಡುವೆ ಪದಕ ಸಿಗುವುದು ಕಷ್ಟ, ನಿಜ. ಆದರೆ ಮೊದಲ ಸ್ಪರ್ಧೆಯಲ್ಲಿ ಕಲಿಯಬೇಕಾದದ್ದು ಕಡ್ಡಾಯ ಭಂಗಿಗಳಲ್ಲಿ ನಡುಗದೆ ನಿಲ್ಲುವುದನ್ನು, ಪಕ್ಕದವನಿಗೆ ಹೋಲಿಸಿ ನೋಡುವ ತೀರ್ಪುಗಾರನ ಕಣ್ಣನ್ನು. ತೂಕದ ವಿಭಾಗ ಆರಿಸುವುದರ ಬಗ್ಗೆ ನಾವು ಅಲ್ಲಿಯವರೆಗೆ ಒಂದೇ ಒಂದು ಸಂಚಿಕೆಯನ್ನೂ ಮಾಡಿರಲಿಲ್ಲ. ಕೇಳಲು ರುಚಿಯಿಲ್ಲದ ವಿಷಯ ಎಂದು ನಾನೇ ಎರಡು ಸಲ ಮುಂದೂಡಿದ್ದೆ.

ಕೋಣೆಯಲ್ಲಿ ನಡೆದ ಜಗಳ

ಮುಂದೇನು ಎಂಬುದರಲ್ಲಿ ಮೂವರದು ಮೂರು ಅಭಿಪ್ರಾಯ. ಸಂಚಿಕೆಯನ್ನು ಅಳಿಸಿಬಿಡಿ ಎಂದರು ಅತಿಥಿ. ತಮ್ಮ ಹಳೆಯ ತಪ್ಪು ಒಬ್ಬ ಹುಡುಗನನ್ನು ಮಲಗಿಸಿತೆಂದು ಅವರಿಗೆ ನಿದ್ದೆ ಬರುತ್ತಿರಲಿಲ್ಲ. ಗೆಳೆಯ ಮುಟ್ಟಬೇಡ ಎಂದ. ಪೂರ್ತಿ ಕೇಳಿದರೆ ಸರಿಯಾಗಿಯೇ ಇದೆ, ಅರ್ಧ ಕೇಳಿದವರಿಗೆ ನಾವೇನು ಮಾಡಲು ಸಾಧ್ಯ ಎಂಬುದು ಅವನ ವಾದ. ಆ ವಾದದ ಮೇಲೆ ನಾವಿಬ್ಬರೂ ಗಟ್ಟಿಯಾಗಿಯೇ ಜಗಳವಾಡಿದೆವು.

ನನಗೆ ಆ ಹೊತ್ತಿನಲ್ಲಿ ನೆನಪಾದದ್ದು ನಮ್ಮೂರಿನದೇ ಚರಿತ್ರೆ. 1935ರಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಒಂಟಿಕೊಪ್ಪಲಿನ ತಮ್ಮ ಮನೆಯಿಂದ ಆಕಾಶವಾಣಿಯನ್ನು ಶುರುಮಾಡಿದರು. ಅಂದಿನ ಕೇಳುಗರು ರೇಡಿಯೊ ಮುಂದೆ ಕುಳಿತರೆ ಎಲ್ಲರೂ ಒಂದೇ ಹೊತ್ತಿಗೆ, ಒಂದೇ ಕ್ರಮದಲ್ಲಿ, ಮೊದಲ ಮಾತಿನ ನಂತರ ಎರಡನೆಯ ಮಾತನ್ನು ಕೇಳುತ್ತಿದ್ದರು. ಹರಿಕಥೆಯೂ ಹಾಗೆಯೇ, ದಾಸರು ತಪ್ಪನ್ನು ಮೊದಲು ಹೇಳಿ ಫಲವನ್ನು ಕೊನೆಗೆ ಹೇಳಬಹುದು, ಮಂಗಳದವರೆಗೆ ಜನ ಏಳುವುದಿಲ್ಲ. ನಮ್ಮ ಕೇಳುಗ ಬಸ್ಸಿನಲ್ಲಿ ನಿಂತು ಹತ್ತೊಂಬತ್ತನೆಯ ನಿಮಿಷಕ್ಕೆ ಇಳಿದುಹೋಗುತ್ತಾನೆ. ಒಂದೂವರೆ ಪಟ್ಟು ವೇಗದಲ್ಲಿ ಓಡಿಸುತ್ತಾನೆ. ಬೆನಜೀಜಾ ಸತ್ತ ಸಂಚಿಕೆಯನ್ನು ಬಿಟ್ಟು ಕೊನೆಯ ವಾರದ ಸಂಚಿಕೆಯನ್ನು ಮಾತ್ರ ಹುಡುಕಿ ಕೇಳುತ್ತಾನೆ. ತಪ್ಪನ್ನೂ ಅದರ ಫಲವನ್ನೂ ಒಂದೇ ಉಸಿರಿನಲ್ಲಿ ಹೇಳದಿದ್ದರೆ ನಾವು ತಪ್ಪನ್ನು ಮಾತ್ರ ಹಂಚಿದಂತೆ. ಇದು ಕೇಳುಗನ ಸೋಮಾರಿತನವಲ್ಲ. ಈ ಮಾಧ್ಯಮ ಇರುವುದೇ ಹೀಗೆ, ಅದು ಗೊತ್ತಿದ್ದೇ ನಾವು ಇದಕ್ಕೆ ಕೈಹಾಕಿದ್ದೇವೆ.

ಅಳಿಸುವುದನ್ನು ನಾನು ಒಪ್ಪಲಿಲ್ಲ. ಅಳಿಸಿದರೆ ಪೂರ್ತಿ ಸಂಚಿಕೆ ಹೋಗುತ್ತದೆ, ತುಣುಕು ಗುಂಪುಗಳಲ್ಲಿ ಉಳಿಯುತ್ತದೆ. ಇಪ್ಪತ್ತನಾಲ್ಕನೆಯ ನಿಮಿಷ ಎಲ್ಲಿಯೂ ಇಲ್ಲದಂತಾಗುತ್ತದೆ. ಕಡೆಗೆ ಸಂಚಿಕೆಯನ್ನು ಮರುಸಂಕಲನ ಮಾಡಿದೆವು. ರೈಲು, ಲಾಡ್ಜ್‌ನ ಐದು ನಿಮಿಷ ತೆಗೆದು ಎರಡು ಮಾತುಗಳನ್ನು ಬೆನ್ನಿಗೆ ಬೆನ್ನು ಜೋಡಿಸಿದೆವು. ಒಳ್ಳೆಯ ಕಥೆ ಕೆಟ್ಟಿತು, ಅದು ನನಗೂ ನೋವು. ಪಾಡ್‌ಕಾಸ್ಟ್‌ನಲ್ಲಿ ಹಳೆಯ ಕಡತದ ಜಾಗಕ್ಕೆ ಹೊಸದನ್ನು ಇಡಬಹುದು, ಆದರೆ ಆಗಲೇ ಡೌನ್‌ಲೋಡ್ ಮಾಡಿಕೊಂಡವರ ಮೊಬೈಲಿನಲ್ಲಿ ಹಳೆಯದೇ ಇರುತ್ತದೆ. ಹಾಗಾಗಿ ತಿದ್ದುಪಡಿಯನ್ನು ಬೇರೆಯದೇ ಒಂದು ಹೊಸ ಸಂಚಿಕೆಯಾಗಿಯೂ ಹಾಕಿದೆವು. ಮೊದಲ ವಾಕ್ಯದಲ್ಲೇ, ‘ನೀರು ಬಿಡಬೇಡಿ, ನಮ್ಮ ತುಣುಕು ತಪ್ಪು ದಾರಿ ತೋರಿಸಿತು’ ಎಂದು ನಾನೇ ಹೇಳಿದೆ.

ಹುಡುಗ ತಾನೂ ಮಾತನಾಡುತ್ತೇನೆ ಎಂದ. ಹೆಸರು ಹೇಳದಿದ್ದರೆ ಸಾಕೆಂದು ಅವನ ಎಣಿಕೆ. ನಮ್ಮದು ಸಣ್ಣ ಪ್ರಪಂಚ. ಮಂಡ್ಯದ ನಾಲ್ಕು ಜಿಮ್‌ಗಳಲ್ಲಿ ಯಾರು ಕೆಮ್ಮಿದರೂ ಯಾರೆಂದು ಗೊತ್ತಾಗುತ್ತದೆ; ಧ್ವನಿಯೇ ಹೆಸರು. ಅವನು ಹೇಳಿದ್ದನ್ನು ಬರೆದುಕೊಂಡು, ಅವನಿಗೆ ಓದಿ ಕೇಳಿಸಿ, ನನ್ನ ಧ್ವನಿಯಲ್ಲಿ ಓದಿದೆ.

ಈಗ ಮಾಡುವ ರೀತಿ

ಅತಿಥಿ ತಪ್ಪು ಪ್ರಯೋಗವೊಂದನ್ನು ಹೇಳಿದ ಕೂಡಲೇ ಗೆಳೆಯ ಮಾತು ತಡೆದು ‘ಆಮೇಲೆ ಮೈಗೆ ಏನಾಯಿತು?’ ಎಂದು ಕೇಳುತ್ತಾನೆ. ಮೊದಮೊದಲು ಅವನಿಗೆ ಇದು ಕಸಿವಿಸಿಯಾಗುತ್ತಿತ್ತು. ಹಿರಿಯರ ಮಾತಿಗೆ ಅಡ್ಡ ಬಾಯಿ ಹಾಕುವುದು ನಮ್ಮ ಕಡೆ ಮರ್ಯಾದೆಯಲ್ಲ. ಈಗ ಧ್ವನಿಮುದ್ರಣಕ್ಕೆ ಮುಂಚೆಯೇ ಕಾಫಿ ಕುಡಿಯುವಾಗ ಅತಿಥಿಗೆ ತಿಳಿಸಿ ಒಪ್ಪಿಗೆ ಪಡೆಯುತ್ತೇವೆ. ಫಲ ಸೇರದ ಯಾವ ತುಣುಕನ್ನೂ ನಾನು ಕತ್ತರಿಸುವುದಿಲ್ಲ. ಕೊನೆಯ ವಾರದ ವಿಷಯವಿದ್ದರೆ ಪರಿಚಯದ ವೈದ್ಯರೊಬ್ಬರು ಬಿಡುಗಡೆಗೆ ಮುಂಚೆ ಕೇಳುತ್ತಾರೆ. ಅವರಿಗೆ ಬಿಡುವಾಗುವವರೆಗೆ ಸಂಚಿಕೆ ಕಾಯುತ್ತದೆ, ಒಮ್ಮೆ ಮೂರು ವಾರ ಕಾಯಿತು. ತೂಕದ ವಿಭಾಗ ಆರಿಸುವುದರ ಬಗ್ಗೆ ಸಂಚಿಕೆ ಮಾಡಿದೆವು. ಅದರಲ್ಲಿ ಹೇಳಿದ್ದು ಬರೀ ಲೆಕ್ಕ: ಇಂದಿನ ತೂಕ, ಉಳಿದಿರುವ ವಾರ, ವಾರಕ್ಕೆ ಇಳಿಯಬಹುದಾದ ಗ್ರಾಂ. ತುಣುಕಿನಷ್ಟು ಅದು ಓಡಲಿಲ್ಲ. ಆದರೆ ಅದನ್ನು ಕೇಳಿದವರು ತಮ್ಮ ಅಂಕಿಗಳನ್ನು ಬರೆದು ಕಳುಹಿಸುತ್ತಾರೆ, ನಾವು ಒಬ್ಬೊಬ್ಬರಿಗೂ ಉತ್ತರ ಬರೆಯುತ್ತೇವೆ.

ಹುಡುಗ ಆ ವರ್ಷ ಮತ್ತೆ ಸ್ಪರ್ಧಿಸಲಿಲ್ಲ. ಮುಂದಿನ ವರ್ಷ 70ರ ವಿಭಾಗದಲ್ಲಿ ನಿಂತ, ಪದಕ ಬರಲಿಲ್ಲ. ವೇದಿಕೆಯ ಹಿಂದೆ ಅವನ ಅಕ್ಕ ಎರಡು ಲೀಟರಿನ ಬಾಟಲಿ ಹಿಡಿದು ನಿಂತಿದ್ದರು.

ತುಣುಕು ಇನ್ನೂ ತಿರುಗುತ್ತಿದೆ. ಅದನ್ನು ಹಿಂದಕ್ಕೆ ಕರೆಯುವ ದಾರಿ ನನಗೆ ಸಿಕ್ಕಿಲ್ಲ. ಕಳೆದ ವಾರ ಮಳವಳ್ಳಿಯ ಕಡೆಯ ಒಬ್ಬ ಹುಡುಗ ಅದನ್ನೇ ನನಗೆ ಕಳುಹಿಸಿ, ‘ಸಾರ್, ಇದು ನಿಜವಾ?’ ಎಂದು ಕೇಳಿದ. ಬರೆದು ಉತ್ತರಿಸದೆ ಕರೆ ಮಾಡಿದೆ. ತೂಕ ಎಷ್ಟು, ಸ್ಪರ್ಧೆಗೆ ಎಷ್ಟು ವಾರ ಇದೆ ಎಂದು ಕೇಳಿದೆ. 71, ಐದು ವಾರ, 65ರ ವಿಭಾಗ ಎಂದ. ಪೆನ್ನು ಹಾಳೆ ತೆಗೆದುಕೊಳ್ಳಲು ಹೇಳಿ, ಇಬ್ಬರೂ ಕೂಡಿಯೇ ಗುಣಿಸಿದೆವು.